ಕೋಟೆಯ ಕಡೆಯಿಂದ ಬರೆದ ನಕ್ಷೆ: ಹಳೇ ಆರ್‌ಪಿಜಿ ಲೋಕಗಳನ್ನು ಇವತ್ತಿನ ಆಟಗಾರರಿಗೆ ಹೊಂದಿಸುವುದು ಹೇಗೆ

ಕಕ್ಕಡ ತಿಂಗಳಲ್ಲಿ ಮಡಿಕೇರಿಯಲ್ಲಿ ಮಳೆ ಹಿಡಿಯಿತು ಅಂದ್ರೆ ಬಿಡುವುದಿಲ್ಲ. ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ತೋಟದ ಕಡೆ ಕಾಲಿಡುವ ಹಾಗಿರುವುದಿಲ್ಲ. ಆಗ ನಾವು ಐದು ಜನ ಎಮರ್ಜೆನ್ಸಿ ಲೈಟ್ ಹಚ್ಚಿಕೊಂಡು ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತೇವೆ. ನಾವಾಡುವುದು ಆರ್‌ಪಿಜಿ, ಅಂದ್ರೆ ಒಬ್ಬರು ಕಥೆ ನಡೆಸಿ ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುವ ಆಟ. ಹೋದ ವರ್ಷ ಆಡಿದ್ದು ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಬರೆದ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್'. ಆಟದ ಜಾಗ, ಕಥೆ ಎಲ್ಲ ಬರೆದಿಟ್ಟ ಪುಸ್ತಕ ಅದು. ಗಡಿಯಲ್ಲೊಂದು ಕೋಟೆ. ಅದರಾಚೆ ಕಾಡು, ಕಾಡೊಳಗೆ ಒಂದು ಕಣಿವೆ, ಕಣಿವೆಯ ತುಂಬ ಗುಹೆಗಳು, ಗುಹೆಗಳಲ್ಲಿ ಕೋಬೋಲ್ಡ್, ಗಾಬ್ಲಿನ್, ಓರ್ಕ್ ಅನ್ನುವ ಕಾಲ್ಪನಿಕ ಜೀವಿಗಳು. ಕೋಟೆಯಿಂದ ಹೊರಡು, ಗುಹೆಗೆ ನುಗ್ಗು, ಸಿಕ್ಕಿದವರನ್ನು ಕೊಲ್ಲು, ಚಿನ್ನ ತಾ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಅನ್ನುವ ಆರ್‌ಪಿಜಿ ಕಲಿತ ಎಷ್ಟೋ ಜನರಿಗೆ ಇದೇ ಮೊದಲ ಸಾಹಸ.

ಎರಡನೇ ಸಂಜೆ ಕೋಬೋಲ್ಡ್ ಗುಹೆಗೆ ಬಂದೆವು. ಕಥೆ ನಡೆಸುವ ಡಿಎಂ ನಾನು, ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ. ದೊಡ್ಡ ಕೋಣೆ, ಗಂಡಸರು ಇಷ್ಟು, ಹೆಂಗಸರು ಇಷ್ಟು, ಮರಿಗಳು ಇಷ್ಟು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಎಸ್ಟೇಟ್ ಲೈನ್ ಮನೆಯಲ್ಲಿ ಬೆಳೆದ ಹುಡುಗಿ, ಈಗ ಡಿಗ್ರಿ ಓದುತ್ತಿದ್ದಾಳೆ. ದಾಳ ಕೈಯಲ್ಲೇ ಹಿಡಿದುಕೊಂಡು ಕೇಳಿದಳು: "ಅಣ್ಣಾ, ದೊಡ್ಡವರನ್ನೆಲ್ಲ ಕೊಂದಾದ ಮೇಲೆ ಈ ಮಕ್ಕಳು ಎಲ್ಲಿಗೆ ಹೋಗ್ತಾವೆ?" ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆಟ ಅಲ್ಲಿಗೇ ನಿಂತಿತು, ಮಾತು ರಾತ್ರಿ ಹನ್ನೊಂದರವರೆಗೆ ನಡೆಯಿತು.

ಆ ಪ್ರಶ್ನೆಯಿಂದ ಶುರುವಾಗಿ ಒಂದು ಮಳೆಗಾಲ ಪೂರ್ತಿ ನಾವು ಆ ಲೋಕವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಹಾಗೆ ಮಾಡುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರವೂ ಹಳೇ ಸೆಟ್ಟಿಂಗ್ (ಆಟದ ಲೋಕ) ಒಂದಿದ್ದು, ಅದರ ಮೇಲೆ ಪ್ರೀತಿಯೂ ಇದ್ದು, ಹಾಗೇ ಆಡಿಸಲು ಮನಸ್ಸು ಒಪ್ಪದಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಪುಸ್ತಕ ಪೂರ್ತಿ ಓದಿ. ಒಂದು ಪೆನ್ಸಿಲ್ ಇಟ್ಟುಕೊಂಡು ಜೋರಾಗಿ ಓದಿ. ಎಲ್ಲಿ ಖುಷಿಯಿಂದ ದನಿ ಏರುತ್ತದೋ ಅಲ್ಲೊಂದು ಗೆರೆ, ಎಲ್ಲಿ ಮುಜುಗರದಿಂದ ದನಿ ತಗ್ಗುತ್ತದೋ ಅಲ್ಲೊಂದು ಗೆರೆ. ಮನಸ್ಸಲ್ಲೇ ಓದಿದರೆ ಈ ಎರಡನೇ ಜಾಗಗಳು ಕಣ್ಣು ತಪ್ಪಿಸಿಕೊಂಡು ಹೋಗುತ್ತವೆ. ಸ್ನೇಹಿತರ ಮುಖ ನೋಡಿಕೊಂಡು ಓದುವಾಗ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆಮೇಲೆ ಆ ಲೋಕದ ಮೂಳೆ ಯಾವುದು, ಮೇಲಿನ ಬಟ್ಟೆ ಯಾವುದು ಅಂತ ಬಿಡಿಸಿ ನೋಡಿ. 1983ರಲ್ಲಿ ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ 'ರೇವನ್‌ಲಾಫ್ಟ್' ತಗೊಳ್ಳಿ. ಮಂಜು ಮುಚ್ಚಿದ ಕಣಿವೆ, ಅದರ ಮೇಲೊಂದು ಕೋಟೆ, ಮಾಡಿದ ಪಾಪದಿಂದ ಬಿಡುಗಡೆ ಸಿಗದ ಒಬ್ಬ ರಕ್ತಪಿಶಾಚಿ ದೊರೆ. ಇವು ಮೂಳೆ. ಇದರಲ್ಲಿ ಒಂದನ್ನು ತೆಗೆದರೂ ಲೋಕ ಕುಸಿಯುತ್ತದೆ. ಅಲ್ಲಿ ಬರುವ ಅಲೆಮಾರಿ ಜನ ವಿಸ್ತಾನಿಗಳನ್ನು ಮಾತ್ರ ಯುರೋಪಿನ ರೋಮಾ ಜನರ ಬಗ್ಗೆ ಇದ್ದ ಹಳೇ ಪೂರ್ವಗ್ರಹಗಳನ್ನೇ ಹೊಲಿದು ಮಾಡಿದ್ದರು. ಅದು ಬಟ್ಟೆ. 2016ರಲ್ಲಿ ಈ ಕಥೆ 'ಕರ್ಸ್ ಆಫ್ ಸ್ಟ್ರಾಡ್' ಅಂತ ಹೊಸ ರೂಪದಲ್ಲಿ ಬಂದಾಗಲೂ ಆ ಬಟ್ಟೆ ಹಾಗೇ ಇತ್ತು, 2020ರ ಮರುಮುದ್ರಣದಲ್ಲಿ ವಿಸ್ತಾನಿಗಳ ವಿವರಣೆ ತಿದ್ದಿದರು. ತಿದ್ದಿದ್ದರಿಂದ ಭಯ ಒಂಚೂರೂ ಕಡಿಮೆಯಾಗಲಿಲ್ಲ. ತಲಕಾವೇರಿ ಕಡೆ ಜುಲೈನಲ್ಲಿ ಮಂಜಿನೊಳಗೆ ಗಾಡಿ ಓಡಿಸಿದವರಿಗೆ ಆ ಭಯ ಎಲ್ಲಿಂದ ಬರುತ್ತದೆ ಅಂತ ಗೊತ್ತು, ಅಲ್ವಾ?

ಮೂಳೆ ಗೊತ್ತಾದ ಮೇಲೆ ಮುಖ್ಯ ಕೆಲಸ. ಈ ಲೋಕದಲ್ಲಿ ಯಾರಿಗೆ ಹೆಸರಿಲ್ಲ ಅಂತ ಹುಡುಕಿ. ಬಾರ್ಡರ್‌ಲ್ಯಾಂಡ್ಸ್‌ನಲ್ಲಿ ಕೋಟೆಯವರಿಗೂ ಹೆಸರಿಲ್ಲ, ಕಮ್ಮಾರ ಬರೀ ಕಮ್ಮಾರ, ಕೋಟೆಯ ಒಡೆಯ ಬರೀ ಒಡೆಯ. ಆದರೆ ಅವರಿಗೆ ಕೆಲಸ ಇದೆ, ಮಾತಿದೆ, ಅಂಗಡಿ ಇದೆ. ಗುಹೆಯವರಿಗೆ ಇರುವುದು ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲರು ಅನ್ನುವ ಅಂಕಿ) ಮತ್ತು ಚೀಲದಲ್ಲಿರುವ ನಾಣ್ಯ. ನಾವು ಮಾಡಿದ್ದು ಇಷ್ಟು: ಪ್ರತಿ ಗುಹೆಗೆ ಮೂರು ಜನ, ಪ್ರತಿಯೊಬ್ಬರಿಗೆ ಒಂದು ಹೆಸರು, ಒಂದು ಕೆಲಸ, ಮನೆಯವರ ಜೊತೆಗೇ ಒಂದು ಜಗಳ. ಜಗಳ ಬೇಕೇ ಬೇಕು. ಕೋಬೋಲ್ಡ್ ಗುಹೆಯಲ್ಲಿ ಧಾನ್ಯದ ಲೆಕ್ಕ ನೋಡುವ ಒಬ್ಬ ಮುದುಕಿಯನ್ನು ಇಟ್ಟೆ. ಅವಳಿಗೂ ಮುಖ್ಯಸ್ಥನಿಗೂ ಮಾತಿಲ್ಲ, ಯಾಕಂದ್ರೆ ಹೋದ ಚಳಿಗಾಲದಲ್ಲಿ ಅವನು ಬೀಜಕ್ಕೆ ಇಟ್ಟ ಕಾಳನ್ನು ಹಂಚಿಬಿಟ್ಟ. ಇಷ್ಟು ಬರೆಯಲು ಐದು ನಿಮಿಷ ಸಾಕು, ಅದರಿಂದ ಮೂರು ಸಂಜೆಯ ಆಟ ಬಂತು.

ಸರಿಯಾಗಿ ಓದಿದರೆ ಹಳೇ ಪುಸ್ತಕದಲ್ಲೇ ಎಷ್ಟೋ ಬೀಜಗಳು ಸಿಗುತ್ತವೆ. ಅಲ್ಲಿನ ಗಾಬ್ಲಿನ್‌ಗಳು ಕಷ್ಟ ಬಂದಾಗ ಪಕ್ಕದ ಗುಹೆಯ ದೈತ್ಯ ಓಗರ್‌ಗೆ ಒಂದು ಚೀಲ ದುಡ್ಡು ಎಸೆದು ಸಹಾಯಕ್ಕೆ ಕರೆಯುತ್ತಾರೆ. ಅಂದ್ರೆ ಅವರ ನಡುವೆ ವ್ಯವಹಾರ ಇದೆ, ನಂಬಿಕೆ ಇದೆ, ಬಹುಶಃ ಸಾಲವೂ ಇದೆ. ನಿಯಮಗಳಲ್ಲೂ ಹಾಗೇ. ಆ ಕಾಲದ ಡಿ ಅಂಡ್ ಡಿಯ ಬೇಸಿಕ್ ಆವೃತ್ತಿಯಲ್ಲಿ ಎದುರು ಸಿಕ್ಕವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಲು ಎರಡು ದಾಳ ಉರುಳಿಸುವ ಪಟ್ಟಿ ಒಂದಿತ್ತು. 2 ಬಿದ್ದರೆ ಕೂಡಲೇ ಮೇಲೆ ಬೀಳುತ್ತಾರೆ, 12 ಬಿದ್ದರೆ ಸ್ನೇಹ, ನಡುವಿನ ಅಂಕಿಗಳಿಗೆ ಅನುಮಾನ, ಗೊಂದಲ. ಎಲ್ಲರೂ ಕತ್ತಿ ಎತ್ತಿಕೊಂಡೇ ಬರಬೇಕು ಅಂತ ನಿಯಮ ಹೇಳಿರಲಿಲ್ಲ. ಆಡುವವರು ಸುಮ್ನೆ ಆ ಪಟ್ಟಿಯನ್ನು ಬಿಟ್ಟರು. ಅದನ್ನು ವಾಪಸ್ ತನ್ನಿ. ಹೊಸದಾಗಿ ಬರೆಯುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಕಡೆ ನಿಯಮವನ್ನೇ ಬದಲಾಯಿಸಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಹಳೇ ಡಿ ಅಂಡ್ ಡಿಯಲ್ಲಿ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅನುಭವದ ಅಂಕ. ಪಾತ್ರ ಬೆಳೆಯುವುದೇ ಬೇರೆಯವರ ಮನೆಯಿಂದ ತಂದ ಸಂಪತ್ತಿನಿಂದ. ನೀವು ಕಥೆಯಲ್ಲಿ ಗುಹೆಯವರಿಗೆ ಎಷ್ಟೇ ಒಳ್ಳೆ ಹೆಸರು ಕೊಡಿ, ಅಂಕ ಚಿನ್ನಕ್ಕೇ ಸಿಗುತ್ತಿದ್ದರೆ ಆಟಗಾರರ ಕೈ ಚಿನ್ನದ ಕಡೆಗೇ ಹೋಗುತ್ತದೆ. ನಾವು ಅಂಕವನ್ನು ಮೂರಕ್ಕೆ ಕೊಟ್ಟೆವು: ಗೊತ್ತಿಲ್ಲದ ಸತ್ಯ ಒಂದು ಹೊರಗೆ ತಂದರೆ, ಎರಡು ಗುಂಪಿನ ನಡುವೆ ಒಪ್ಪಂದ ಮಾಡಿಸಿದರೆ, ಕದ್ದದ್ದನ್ನು ಯಾರದೋ ಅವರಿಗೆ ತಲುಪಿಸಿದರೆ. ಒಂದೇ ವಾರದಲ್ಲಿ ಆಟದ ದಿಕ್ಕು ತಿರುಗಿತು.

ಹುಟ್ಟಿನಿಂದಲೇ ಕೆಟ್ಟವರು ಅನ್ನುವ ವಿಷಯಕ್ಕೆ ಬರೋಣ. ಓರ್ಕ್ ಅಂದ್ರೆ ಕೆಟ್ಟವನು, ಮುಗೀತು. ಹಳೇ ಲೋಕಗಳಲ್ಲಿ ಬಹುಪಾಲು ಹೀಗೇ ಇದೆ. ಇದು ಸರಿಯೇ ಅಂತ ಅಮೆರಿಕದ ಆಟಗಾರರು ಚರ್ಚೆ ಮಾಡುತ್ತಾರೆ, ಆದರೆ ನಮಗೆ ಇದು ಬರೀ ಅಮೆರಿಕದ ಚರ್ಚೆ ಅಲ್ಲ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತ ಪಟ್ಟಿ ಮಾಡಿದರು, ಅದು ರದ್ದಾಗಿದ್ದು 1952ರಲ್ಲಿ. ಆ ಕಾಗದದ ಮೇಲಿದ್ದ ಮಾತು ಮತ್ತು ಮಾನ್‌ಸ್ಟರ್ ಪಟ್ಟಿಯ ಮಾತು ಒಂದೇ ಥರ ಕೇಳುತ್ತದೆ. ಅದಕ್ಕೇ ನಾನು ಇದನ್ನು ಮೊದಲು ತಿದ್ದುತ್ತೇನೆ. ಕೆಟ್ಟತನವನ್ನು ರಕ್ತದಿಂದ ತೆಗೆದು ಆಯ್ಕೆಗೆ, ಆಣೆಗೆ, ಸಂಘಕ್ಕೆ ಹಾಕಿ. ಬಾರ್ಡರ್‌ಲ್ಯಾಂಡ್ಸ್‌ನಲ್ಲಿ ಗುಹೆಗಳ ಒಳಗೆ ಒಂದು ಕೆಟ್ಟ ದೇಗುಲ ಇದೆ, ಅಲ್ಲಿನ ಪೂಜಾರಿ ತಾನಾಗಿ ಆ ದಾರಿ ಹಿಡಿದವನು. ಅವನು ಖಳನಾಯಕ ಆಗಲಿ, ಪೂರ್ತಿ ಆಗಲಿ. ಇದನ್ನು ಚೆನ್ನಾಗಿ ಮಾಡಿದ ಲೋಕ ನೋಡಬೇಕಾದರೆ ಕೀತ್ ಬೇಕರ್ ಅವರ 'ಎಬೆರಾನ್', 2004ರದ್ದು. ಅಲ್ಲಿ ಮನುಷ್ಯರು ಬರುವ ಮುಂಚೆ ಗಾಬ್ಲಿನ್‌ಗಳ ಸಾಮ್ರಾಜ್ಯ ಇತ್ತು, ಲೋಕವನ್ನು ಕಾಪಾಡಿದವರಲ್ಲಿ ಓರ್ಕ್ ಡ್ರೂಯಿಡ್‌ಗಳು (ಪ್ರಕೃತಿಯ ಪೂಜಾರಿಗಳು) ಇದ್ದಾರೆ. 2024ರ ಹೊಸ ಡಿ ಅಂಡ್ ಡಿ ಪುಸ್ತಕದಲ್ಲಿ 'ರೇಸ್' (ಜನಾಂಗ) ಅನ್ನುವ ಪದವೇ ಹೋಗಿ 'ಸ್ಪೀಶೀಸ್' (ಜೀವಜಾತಿ) ಬಂದಿದೆ. ಪದ ಬದಲಾದದ್ದು ಒಳ್ಳೆಯದು, ಆದರೆ ನಿಮ್ಮ ಮೇಜಿನ ಮೇಲೆ ಕಥೆಯೂ ಬದಲಾಗಬೇಕು.

ಇಲ್ಲೊಂದು ಹಳ್ಳ ಇದೆ, ನಾನೇ ಬಿದ್ದಿದ್ದೆ. ಕೋಟೆಯವರನ್ನೆಲ್ಲ ದುಷ್ಟರು ಮಾಡಿ ಗುಹೆಯವರನ್ನೆಲ್ಲ ದೇವರು ಮಾಡಿದೆ. ಎರಡು ಸಂಜೆಯಲ್ಲಿ ಎಲ್ಲರಿಗೂ ಬೇಜಾರಾಯಿತು. ಒಳ್ಳೆಯವರು ಅಂತ ಮೊದಲೇ ಬರೆದಿಟ್ಟರೂ ಅವರಿಗೆ ಆಯ್ಕೆ ಇಲ್ಲದಂತೆ ಆಗುತ್ತದೆ. ಕೋಟೆಯಲ್ಲೂ ಹೆದರಿದವರು, ಸಾಲಗಾರರು, ಮಗನನ್ನು ಕಳೆದುಕೊಂಡವರು ಇರಲಿ.

ಹಾಗೇ ಕಷ್ಟದ ವಿಷಯಗಳನ್ನೆಲ್ಲ ಅಳಿಸಿಹಾಕುವುದೂ ನನಗೆ ಸರಿ ಕಾಣುವುದಿಲ್ಲ. 1991ರ 'ಡಾರ್ಕ್ ಸನ್' ಲೋಕದಲ್ಲಿ ಮಂತ್ರ ಹಾಕಿದರೆ ಸುತ್ತಲಿನ ಗಿಡಗಳ ಜೀವ ಹೀರಿಕೊಳ್ಳುತ್ತದೆ, ಹಾಗೆ ಹೀರಿ ಹೀರಿ ಭೂಮಿ ಮರಳುಗಾಡಾಗಿದೆ. ನೀರು ಅಪರೂಪ, ಲೋಹ ಅಪರೂಪ, ನಗರಗಳಲ್ಲಿ ಗುಲಾಮರಿದ್ದಾರೆ. ಕಾವೇರಿ ಹುಟ್ಟುವ ಊರಲ್ಲೇ ಬೇಸಿಗೆಗೆ ಬಾವಿ ಬತ್ತುವುದನ್ನು ನೋಡಿದ ನಮಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಗುಲಾಮಗಿರಿ ಇರಲಿ ಅಂದುಕೊಂಡರೆ ಅದು ಹಿನ್ನೆಲೆಯ ಅಲಂಕಾರ ಆಗಬಾರದು. ಅದರ ವಿರುದ್ಧ ಹೋರಾಡುವವರು ಲೋಕದೊಳಗೇ ಇರಬೇಕು, ಅವರಲ್ಲಿ ಕೆಲವರು ಗೆದ್ದೂ ಇರಬೇಕು. ಹೊಸದಾಗಿ ಬರೆದದ್ದೂ ತಪ್ಪಾಗಬಹುದು ಅನ್ನುವುದಕ್ಕೆ 2022ರ 'ಸ್ಪೆಲ್‌ಜಾಮರ್' ನೋಡಿ. ಕೋತಿಯಂಥ ಹ್ಯಾಡೋಜಿ ಜನಕ್ಕೆ ಗುಲಾಮಗಿರಿಯ ಹಿನ್ನೆಲೆಯೊಂದನ್ನು ಹೊಸದಾಗಿ ಸೇರಿಸಿದ್ದರು, ಆಟಗಾರರು ಎತ್ತಿ ತೋರಿಸಿದ ಮೇಲೆ ಪ್ರಕಟಿಸಿದ ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಬರೆದದ್ದನ್ನು ಹೊರಗಿನ ಇಬ್ಬರಿಗಾದರೂ ಓದಿಸಿ.

ಸೆಷನ್ ಝೀರೋ ಬಿಡಬೇಡಿ. ಆಟ ಶುರುವಾಗುವ ಮುಂಚೆ ಒಂದು ಸಂಜೆ ಕಾಫಿ ಕುಡಿಯುತ್ತಾ ಏನು ಬೇಕು, ಏನು ಬೇಡ ಅಂತ ಮಾತಾಡುವುದು. ರಾನ್ ಎಡ್ವರ್ಡ್ಸ್ ಹೇಳಿದ ಗೆರೆ ಮತ್ತು ಪರದೆ ಕ್ರಮ ಸುಲಭ. ಗೆರೆ ಅಂದ್ರೆ ಆಟದಲ್ಲಿ ಬರಲೇಬಾರದ್ದು, ಪರದೆ ಅಂದ್ರೆ ನಡೆದಿದೆ ಅಂತ ಗೊತ್ತಾದರೆ ಸಾಕು, ತೋರಿಸುವುದು ಬೇಡ. ಜಾನ್ ಸ್ಟಾವ್ರೊಪೌಲೋಸ್ ಮಾಡಿದ ಎಕ್ಸ್ ಕಾರ್ಡ್ ಅಂದ್ರೆ ಎಕ್ಸ್ ಬರೆದ ಒಂದು ಕಾರ್ಡ್ ಮೇಜಿನ ನಡುವೆ. ಯಾರಾದರೂ ಮುಟ್ಟಿದರೆ ಆ ದೃಶ್ಯ ಬಿಟ್ಟು ಮುಂದಕ್ಕೆ, ಕಾರಣ ಕೇಳುವ ಹಾಗಿಲ್ಲ. ನಮಗೆ ಇದೆಲ್ಲ ಯಾಕೆ ಅಂತ ಮೊದಲು ನನಗೂ ಅನಿಸಿತ್ತು. ಆಮೇಲೆ ಒಂದು ಸಂಜೆ ಗುಡ್ಡ ಜಾರಿ ದಾರಿ ಮುಚ್ಚುವ ಸಾಮಾನ್ಯ ಟ್ರ್ಯಾಪ್ ಒಂದನ್ನು ವಿವರಿಸುತ್ತಿದ್ದೆ, ಹೊರಗೆ ಮಳೆ ಜೋರಾಗಿತ್ತು. ನಮ್ಮಲ್ಲೊಬ್ಬರು ಮಾತಾಡದೆ ಕೈ ಚಾಚಿ ಕಾರ್ಡ್ ಮುಟ್ಟಿದರು. 2018ರ ಆಗಸ್ಟ್‌ನಲ್ಲಿ ಅವರ ಮನೆ ಮಣ್ಣಿನ ಕೆಳಗೆ ಹೋಗಿತ್ತು. ಟ್ರ್ಯಾಪ್ ತೆಗೆದೆ, ದಾರಿಗೆ ಅಡ್ಡ ಒಂದು ಮುಚ್ಚಿದ ಬಾಗಿಲು ಇಟ್ಟೆ, ಆಟ ಮುಂದುವರಿಯಿತು. ಆ ಕಾರ್ಡ್ ಈಗಲೂ ನಮ್ಮ ಮೇಜಿನ ಮೇಲೆ ಇರುತ್ತದೆ.

ಬೇರೆಯವರ ಸಂಸ್ಕೃತಿಯನ್ನು ಎರವಲು ತಂದ ಲೋಕಗಳ ಬಗ್ಗೆ ಒಂದು ಮಾತು. 1985ರ 'ಓರಿಯೆಂಟಲ್ ಅಡ್ವೆಂಚರ್ಸ್' ಜಪಾನು, ಚೀನಾ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿತ್ತು. ನಮಗೂ ಅದೇ ಆಸೆ ಬರುತ್ತದೆ. ನಮ್ಮ ಊರನ್ನೇ ಲೋಕ ಮಾಡೋಣ, ಐನ್‌ಮನೆ (ಕುಟುಂಬದ ಮೂಲ ಮನೆ), ದೇವರಕಾಡು ಎಲ್ಲ ಹಾಕೋಣ ಅಂತ. ಹಾಕಿ, ಚೆನ್ನಾಗಿರುತ್ತದೆ. ಆದರೆ ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಒಂದೊಂದಕ್ಕೂ ನಡೆದುಕೊಳ್ಳುವ ಜನ ಇದ್ದಾರೆ. ಪೂಜೆ ನಡೆಯುವ ದೈವಕ್ಕೆ ಹಿಟ್ ಪಾಯಿಂಟ್ ಬರೆಯಬೇಡಿ. ಕಾಡು ಕಡಿಯಬಾರದು ಅನ್ನುವ ಕಟ್ಟುಪಾಡು, ಅದನ್ನು ಮುರಿದರೆ ಊರಿಗೆ ಬರುವ ಭಯ, ಇದನ್ನು ತಗೊಳ್ಳಿ, ಹೆಸರು ನೀವೇ ಕಟ್ಟಿ. ಕೊಡವರು, ಅರೆಭಾಷೆ ಗೌಡರು, ಯರವರು, ಜೇನು ಕುರುಬರು, ಎಲ್ಲರನ್ನೂ ಕಲಸಿ ಒಂದು ಕಾಡು ಜನ ಮಾಡಿದರೆ ನಾವೂ 1985ರ ತಪ್ಪನ್ನೇ ಮಾಡಿದಂತೆ.

ನಿಮ್ಮ ಮೇಜಿಗೆ ಮಾತ್ರ ಆದರೆ ಏನು ಬೇಕಾದರೂ ತಿದ್ದಿಕೊಳ್ಳಿ. ಮಾರುವ ಯೋಚನೆ ಇದ್ದರೆ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಯಲ್ಲಿರುವ ಎಸ್‌ಆರ್‌ಡಿ 5.1, ಅಂದ್ರೆ ಡಿ ಅಂಡ್ ಡಿಯ ಮೂಲ ನಿಯಮಗಳನ್ನು ಬಳಸಬಹುದು. ಲೋಕದ ಹೆಸರುಗಳು ಅದರಲ್ಲಿ ಸೇರಿಲ್ಲ.

ಕೊನೆಗೆ ನಕ್ಷೆ. ಇದನ್ನು ಡಿಎಂ ಮಾಡಬಾರದು, ಆಟಗಾರರಲ್ಲೊಬ್ಬರಿಗೆ ಕೊಡಿ, ಗುಹೆಯ ಕಡೆಯಿಂದ ಬರೆಯಲು ಹೇಳಿ. ನಮ್ಮಲ್ಲಿ ಆ ಹುಡುಗಿಯೇ ಬರೆದಳು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ. ನೀರು ಸಿಗುವ ಮೂರು ಜಾಗ, ಮರಿಗಳು ನೀರು ತರುವ ದಾರಿ, ಮಳೆಗಾಲಕ್ಕೆ ಮಾತ್ರ ಹರಿಯುವ ತೋಡು, ಮುದುಕಿ ಕಾಳು ಬಚ್ಚಿಟ್ಟ ಬಂಡೆ. ಕೋಟೆ ಹಾಳೆಯ ತುದಿಯಲ್ಲಿ ಒಂದು ಸಣ್ಣ ಚೌಕ. ಅದರ ಪಕ್ಕದಲ್ಲಿ ಬರೆದಿದ್ದಳು: "ಕಲ್ಲಿನ ಮನೆಯವರು. ಇವರ ಭಾಷೆ ಗೊತ್ತಿಲ್ಲ. ಸಂಜೆ ಮೇಲೆ ಹೋಗಬೇಡಿ."