ರೈಲು ಗೇಮ್ ಆರಿಸುವುದು ಹೇಗೆ? ವಿಜಯಪುರ–ಬಾಗಲಕೋಟೆ ಮಾರ್ಗ ಕಟ್ಟಿ ನೋಡಿ

ಕಂಪ್ಯೂಟರ್‌ನಲ್ಲಿ ಆಡುವ ರೈಲು ಗೇಮ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ಯಾರನ್ನಾದರೂ ಕೇಳಿ, ಮೊದಲು ಗ್ರಾಫಿಕ್ಸ್ ಬಗ್ಗೆ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಎಲ್ಲ ಗೇಮ್‌ಗಳಿಗೂ ಒಂದೇ ಪರೀಕ್ಷೆ ಕೊಡಿ, ಆಗ ವ್ಯತ್ಯಾಸ ಕಾಣುತ್ತದೆ. ನಮ್ಮ ಭಾಗದವರಿಗೆ ಆ ಪರೀಕ್ಷೆ ಮನೆ ಬಾಗಿಲಲ್ಲೇ ಇದೆ: ಜೋಡಿ ಹಳಿ ಬರುವ ಮುಂಚಿನ ವಿಜಯಪುರ–ಬಾಗಲಕೋಟೆ ಮಾರ್ಗ. ಒಂದೇ ಹಳಿ, ಕ್ರಾಸಿಂಗ್‌ಗೆ, ಅಂದರೆ ಎದುರಿನ ಗಾಡಿ ದಾಟಲಿ ಅಂತ ನಿಂತ ಪ್ಯಾಸೆಂಜರ್ ಗಾಡಿ, ನಡುವೆ ಕೂಡಗಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ತರುವ ಉದ್ದನೆಯ ಗೂಡ್ಸ್.

ಮೊದಲು: ನೀವು ಯಾರಾಗಬೇಕು?

ಮೂರು ಕೆಲಸಗಳಿವೆ. ಕಂಪನಿ ನಡೆಸುವ ಮಾಲೀಕ, ಹಳಿ–ಸಿಗ್ನಲ್ ಜೋಡಿಸಿ ಗಾಡಿ ಬಿಡುವವನು, ಎಂಜಿನ್ ಓಡಿಸುವ ಲೋಕೋ ಪೈಲಟ್. ಒಂದು ಗೇಮ್ ಮೂರನ್ನೂ ಚೆನ್ನಾಗಿ ಕೊಡುವುದಿಲ್ಲ. ಷೇರು ಪೇಟೆ ಬೇಕಿದ್ದವರು ಬ್ರೇಕ್ ಹಿಡಿಯುವ ಗೇಮ್ ಕೊಂಡರೆ ದುಡ್ಡು ದಂಡ, ಅಲ್ವಾ?

ಆಮೇಲೆ: ಕಾಗದದ ಮೇಲೆ ಮಾರ್ಗ ಬರೆಯಿರಿ

ಮೇಲೆ ಸೋಲಾಪುರ, ಕೆಳಗೆ ವಿಜಯಪುರ, ಆಲಮಟ್ಟಿ, ಬಾಗಲಕೋಟೆ; ವಿಜಯಪುರ–ಆಲಮಟ್ಟಿ ನಡುವೆ ಕೂಡಗಿ ಮತ್ತು ಬಸವನಬಾಗೇವಾಡಿ ರೋಡ್. ಕಲ್ಲಿದ್ದಲು ಗಣಿಯನ್ನು ಸೋಲಾಪುರದ ಕಡೆ ಇಡಿ. ನಿಜಕ್ಕೂ ಅಲ್ಲಿ ಗಣಿ ಇಲ್ಲ, ಆದರೆ ಗೇಮ್‌ಗೆ ಸರಕು ಎಲ್ಲಿಂದಲೋ ಹುಟ್ಟಬೇಕಲ್ಲ.

ಓಪನ್‌ಟಿಟಿಡಿಯಲ್ಲಿ ಕಟ್ಟಿ

ಶುರು ಇಲ್ಲಿಂದಲೇ ಮಾಡಿ, ಯಾಕೆಂದರೆ ಇದು ಉಚಿತ, ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಕ್ರಿಸ್ ಸಾಯರ್ 1994ರಲ್ಲಿ ಮಾಡಿದ ಟ್ರಾನ್ಸ್‌ಪೋರ್ಟ್ ಟೈಕೂನ್‌ನ ವಂಶದ್ದು. ಸಿನಾರಿಯೊ ಎಡಿಟರ್ (ನಿಮ್ಮದೇ ನಕ್ಷೆ ಮಾಡುವ ಭಾಗ) ತೆರೆದು ಊರು, ಗಣಿ, ವಿದ್ಯುತ್ ಸ್ಥಾವರ ಇಡಿ. ಒಂಟಿ ಹಳಿ ಎಳೆಯಿರಿ. ವಿಜಯಪುರದಲ್ಲೂ ಬಸವನಬಾಗೇವಾಡಿ ರೋಡ್‌ನಲ್ಲೂ ಲೂಪ್ ಲೈನ್, ಅಂದರೆ ಒಂದು ಗಾಡಿ ಸರಿದು ನಿಲ್ಲಲು ಪಕ್ಕದ ಹಳಿ, ಹಾಕಿ.

ಲೂಪ್ ನಿಮ್ಮ ಅತಿ ಉದ್ದದ ಗೂಡ್ಸ್‌ಗಿಂತ ಉದ್ದ ಇರಲೇಬೇಕು. ಗಿಡ್ಡ ಆದರೆ ಗೂಡ್ಸ್‌ನ ಬಾಲ ಹೊರಗೆ ಉಳಿದು ಮೇನ್ ಲೈನೇ ಕಟ್ಟಿಹೋಗುತ್ತದೆ. ಇನ್ನು ಸಿಗ್ನಲ್. ಪಾತ್ ಸಿಗ್ನಲ್ ಅನ್ನುವುದನ್ನು ಆರಿಸಿ, ಲೂಪ್‌ನ ಎರಡೂ ಹಳಿಗಳಲ್ಲಿ ಗಾಡಿ ಹೊರಡುವ ತುದಿಗೆ ಮಾತ್ರ ಇಡಿ. ಗಾಡಿ ನಿಂತರೂ ಯಾರಿಗೂ ಅಡ್ಡಿ ಆಗದ ಜಾಗ ಯಾವುದೋ ಅಲ್ಲಿ ಮಾತ್ರ ಸಿಗ್ನಲ್, ಇದನ್ನು ನೆನಪಿಟ್ಟರೆ ಅರ್ಧ ಜಾಮ್ ಆಗುವುದೇ ಇಲ್ಲ. ಹೊರಟ ಗಾಡಿ ಮುಂದಿನ ಲೂಪ್‌ವರೆಗೆ ದಾರಿ ಕಾಯ್ದಿರಿಸಿಕೊಳ್ಳುತ್ತದೆ, ಎದುರಿನದು ಅಲ್ಲಿಯವರೆಗೆ ಕಾಯುತ್ತದೆ. ಇದೇ ನಮ್ಮ ಕ್ರಾಸಿಂಗ್.

ಈಗ ಗೂಡ್ಸ್ ಮತ್ತು ಪ್ಯಾಸೆಂಜರ್ ಎರಡನ್ನೂ ಬಿಟ್ಟು ನೋಡಿ. ಪ್ರಯಾಣಿಕರಿಂದ ಬರುವ ಹಣ ತಡವಾದಷ್ಟೂ ಬೇಗ ಇಳಿಯುತ್ತದೆ, ಕಲ್ಲಿದ್ದಲಿನದು ನಿಧಾನವಾಗಿ ಇಳಿಯುತ್ತದೆ. ಹಾಗಾಗಿ ಗೂಡ್ಸ್ ಕಾಯಬೇಕು, ಪ್ಯಾಸೆಂಜರ್ ಹೋಗಬೇಕು. ಆದರೆ ಈ ಗೇಮ್‌ನಲ್ಲಿ ದಾರಿ ಮೊದಲು ಕಾಯ್ದಿರಿಸಿದವರದ್ದೇ, ಯಾವ ಗಾಡಿ ಮುಖ್ಯ ಅಂತ ಸಿಗ್ನಲ್ ನೋಡುವುದಿಲ್ಲ. ನನ್ನ ಪ್ರಕಾರ ಇದರ ದೊಡ್ಡ ಕೊರತೆ ಇದು. ಬಿಗಿಯಾದ ಕಡೆ ಎರಡನೇ ಹಳಿ ಹಾಕುವುದೇ ಉಪಾಯ, ನಮ್ಮಲ್ಲೂ ಕೊನೆಗೆ ಮಾಡಿದ್ದು ಅದನ್ನೇ.

ರೈಲ್‌ರೋಡ್ ಟೈಕೂನ್‌ನಲ್ಲಿ ಅದೇ ಮಾರ್ಗ

ಸಿಡ್ ಮೈಯರ್ 1990ರಲ್ಲಿ ಶುರು ಮಾಡಿದ ಸರಣಿ ಇದು. 1998ರ ಎರಡನೇ ಭಾಗದಲ್ಲಿ ಲೂಪ್ ಲೈನ್ ಚಿಂತೆಯೇ ಇಲ್ಲ. ಒಂಟಿ ಹಳಿಯಲ್ಲಿ ಎರಡು ಗಾಡಿ ಎದುರಾದರೆ ಒಂದು ನಿಲ್ಲುತ್ತದೆ, ಇನ್ನೊಂದು ಅದರ ಮೈಯೊಳಗಿಂದಲೇ ಹಾದು ಹೋಗುತ್ತದೆ. ಕ್ರಾಸಿಂಗ್ ಪರೀಕ್ಷೆಯಲ್ಲಿ ಇದು ಫೇಲ್. ಆದರೆ ಬಾಂಡ್ ಮೂಲಕ ಸಾಲ ಎತ್ತುವುದು, ಸಾಲದಲ್ಲಿ ಷೇರು ಕೊಳ್ಳುವುದು, ಎದುರಾಳಿಯ ಕಂಪನಿಯನ್ನೇ ನುಂಗುವುದು, ಇದರಲ್ಲಿ ಅದಕ್ಕೆ ಸಮ ಇಲ್ಲ. 2003ರ ಮೂರನೇ ಭಾಗ ಇನ್ನೂ ಕುತೂಹಲದ್ದು. ಅಲ್ಲಿ ಸರಕಿಗೆ ಊರೂರಿಗೆ ಬೇರೆ ಬೆಲೆ. ಎರಡು ಊರಿನ ಬೆಲೆಯ ಅಂತರವೇ ನಿಮ್ಮ ಗಳಿಕೆ. ನೀವು ಗಾಡಿ ಬಿಡದಿದ್ದರೂ ಸರಕು ನಿಧಾನಕ್ಕೆ ತಾನೇ ಸರಿಯುತ್ತಿರುತ್ತದೆ. ಅಡತಿ ಅಂಗಡಿ ವ್ಯವಹಾರ ಕಂಡವರಿಗೆ ಇದು ತಕ್ಷಣ ಹಿಡಿಸುತ್ತದೆ.

ಇನ್ನೊಂದು ಗೇಮ್, 2019ರ ಟ್ರಾನ್ಸ್‌ಪೋರ್ಟ್ ಫೀವರ್ 2, ನೋಡಲು ಚೆಂದ, ಗೇಮ್ 1850ರಿಂದ ಆಡಬಹುದು. ವಿಜಯಪುರ–ಬಾಗಲಕೋಟೆಯೂ ಸೇರಿದ ನಮ್ಮ ಹೋಟಗಿ–ಗದಗ ಮಾರ್ಗ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಆಗಿ ಬಂದ 1884ರ ಕಾಲದ ಉಗಿಬಂಡಿಗಳನ್ನೂ ಓಡಿಸಬಹುದು. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಕೊಳ್ಳಬೇಡಿ.

ಎಂಜಿನ್ ಓಡಿಸುವವರಿಗೆ

ಇಲ್ಲಿ ಪರೀಕ್ಷೆ ಬದಲಾಗಬೇಕು, ಏಕೆಂದರೆ ನಮ್ಮ ಮಾರ್ಗ ಸಪಾಟು. ಬೆಳಗಾವಿಯವರು ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟ್ ನೆನೆಸಿಕೊಳ್ಳಿ. 37 ಅಡಿಗೆ ಒಂದು ಅಡಿ ಇಳಿಜಾರು. ಮೇಲೆ ಹತ್ತುವಾಗ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ ಬೇಕಾಗುವ ಜಾಗ. ಓಪನ್ ರೈಲ್ಸ್ ಉಚಿತವಾಗಿ ಸಿಗುತ್ತದೆ, 2001ರ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್‌ಗೆ ಮಾಡಿದ ಮಾರ್ಗ, ಎಂಜಿನ್‌ಗಳೂ ಅದರಲ್ಲಿ ಓಡುತ್ತವೆ. ಕಡಿದಾದ ಇಳಿಜಾರಿರುವ ಯಾವುದಾದರೂ ಮಾರ್ಗ ಹಾಕಿ, ತುಂಬಿದ ಗೂಡ್ಸ್ ಕಟ್ಟಿಕೊಂಡು ಇಳಿಯಿರಿ. ಏರ್ ಬ್ರೇಕನ್ನು ಸುಮ್ನೆ ಹಾಕಿ ಬಿಟ್ಟು ಹಾಕಿ ಬಿಟ್ಟು ಮಾಡಿದರೆ ಗಾಳಿ ಮತ್ತೆ ತುಂಬಲು ಸಮಯ ಸಿಗದೆ ಹಿಡಿತ ಕಡಿಮೆಯಾಗುತ್ತದೆ. ಇದನ್ನು ತೋರಿಸುವ ಗೇಮ್ ಪಾಸ್, ಒಂದು ಕೀ ಒತ್ತಿದರೆ ಗಕ್ಕನೆ ನಿಲ್ಲುವ ಗೇಮ್ ಬಿಟ್ಟುಬಿಡಿ.