450 ಡಿಗ್ರಿಗೂ ಕರಗದ ಬೆಸುಗೆ ಮತ್ತು ಒಂದು ಚಪ್ಪಟೆ ಬಿಟ್

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ ಇದೆ. ಬರುವುದರಲ್ಲಿ ಅರ್ಧಕ್ಕರ್ಧ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಬೋರ್ಡುಗಳೇ. 8 ವರ್ಷ 25 ವ್ಯಾಟಿನ ಸಾದಾ ಸೋಲ್ಡರಿಂಗ್ ಐರನ್ನಿನಲ್ಲೇ (ಬೆಸುಗೆ ಹಾಕುವ ಐರನ್) ಕಾಲ ಹಾಕಿದೆ. ಆಮೇಲೆ ಬಿಸಿ ಎಷ್ಟು ಡಿಗ್ರಿ ಅಂತ ತೋರಿಸುವ ಅಗ್ಗದ ಸೋಲ್ಡರಿಂಗ್ ಸ್ಟೇಷನ್ ತಂದೆ. ನಂಬರ್ ಕಾಣುತ್ತಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ.

ಒಂದು ದಿನ ಪಾಂಡವಪುರದ ಕಡೆಯ ರೈತರೊಬ್ಬರು ಬೋರ್ಡ್ ತಂದರು. "ರಾತ್ರಿ ತ್ರೀ ಫೇಸ್ ಬರೋದ್ರೊಳಗೆ ಮಾಡ್ಕೊಡಣ್ಣ, ಕಬ್ಬು ಒಣಗ್ತಾ ಅದೆ." ರಿಲೇ (ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್) ಬದಲಿಸಿದರೆ ಸಾಕಿತ್ತು. ಆದರೆ ರಿಲೇ ಕಾಲು ಕೂತಿದ್ದು ಅಗಲವಾದ ತಾಮ್ರದ ಟ್ರ್ಯಾಕ್ ಮೇಲೆ. ಸ್ಟೇಷನ್ ಜೊತೆ ಬಂದಿದ್ದ ಸೂಜಿಮೊನೆ ಬಿಟ್ (ಐರನ್ನಿನ ಬಿಸಿಯಾಗುವ ತುದಿ) ಇಟ್ಟರೆ ಲೆಡ್, ಅಂದರೆ ಬೆಸುಗೆ ಲೋಹ, ಅಂಟಂಟಾಗುತ್ತದೆ, ಕರಗಿ ನೀರಾಗುವುದಿಲ್ಲ. 350 ಇದ್ದದ್ದನ್ನು 400 ಮಾಡಿದೆ, 450 ಮಾಡಿದೆ, ಒತ್ತಿ ಹಿಡಿದು ಅಲ್ಲಾಡಿಸಿದೆ, ಕೊನೆಗೆ ಕಾಲು ಬಂತು, ಅದರ ಜೊತೆ ಬೋರ್ಡಿನ ಮೇಲಿನ ತಾಮ್ರದ ಪ್ಯಾಡೂ ಎದ್ದು ಬಂತು. ಕಿತ್ತ ಜಾಗವನ್ನು ವೈರಿನಿಂದ ಜೋಡಿಸಿ, ಜಂಪರ್ ಹಾಕಿ ಕೊಟ್ಟೆ. ನಾಚಿಕೆ ಆಯಿತು.

60/40 ಲೆಡ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಹತ್ತಿರ ಪೂರ್ತಿ ಕರಗುತ್ತದೆ. ಅಂದರೆ ನನಗೆ ಕಮ್ಮಿ ಬಿದ್ದದ್ದು ಡಿಗ್ರಿ ಅಲ್ಲ. ದಪ್ಪ ತಾಮ್ರ ಬಿಸಿಯನ್ನು ಎಳೆದುಕೊಳ್ಳುವಷ್ಟು ಬೇಗ ಸೂಜಿಮೊನೆಯಲ್ಲಿ ಬಿಸಿ ಹರಿಯುವುದಿಲ್ಲ, ಅಷ್ಟೇ. ಪರದೆಯ ನಂಬರೂ ಒಳಗಿನ ಸೆನ್ಸರಿನದ್ದು, ಮೊನೆಯದ್ದಲ್ಲ. ಅದೇ ಸ್ಟೇಷನ್ನಿಗೆ 2.4 ಮಿಲಿಮೀಟರಿನ ಚಪ್ಪಟೆ ಬಿಟ್, ಉಳಿ ಥರದ್ದು, ಹಾಕಿ ಹೊಸ ಲೆಡ್ ಸ್ವಲ್ಪ ತಾಗಿಸಿದೆ. 350ಕ್ಕೇ ಬೆಸುಗೆ ಥಳ್ಳನೆ ಹೊಳೆದು ಹರಡಿತು. ಮೊದಲು ಬಿಟ್, ಆಮೇಲೆ ಸ್ಟೇಷನ್. ಸೂಜಿಮೊನೆ ಬಿಟ್ ಈಗ ಡ್ರಾಯರಿನಲ್ಲಿ ಸುಮ್ನೆ ಬಿದ್ದಿದೆ.

ಹೋದ ವರ್ಷ ಟಿ12 ಎಂಬ ಮಾದರಿಯ ಬಿಟ್ಟಿನ ಸ್ಟೇಷನ್ ತಗೊಂಡೆ. ಹಳೆಯದರಲ್ಲಿ 900ಎಂ ಮಾದರಿಯ ಬಿಟ್ ಹೀಟರಿನ ಮೇಲೆ ಟೋಪಿಯಂತೆ ಕೂರುತ್ತಿತ್ತು, ನಡುವೆ ಗಾಳಿಯ ಸಂದು. ಟಿ12ರಲ್ಲಿ ಹೀಟರ್, ಸೆನ್ಸರ್, ಬಿಟ್ ಎಲ್ಲ ಒಂದೇ ಕಡ್ಡಿ, ಹಾಗಾಗಿ ಮೊನೆ ತಣ್ಣಗಾದ ತಕ್ಷಣ ಸ್ಟೇಷನ್ನಿಗೆ ಗೊತ್ತಾಗುತ್ತದೆ. ಬಿಟ್ ಹೋದರೆ ಇಡೀ ಕಡ್ಡಿಯನ್ನೇ ಬದಲಿಸಬೇಕು, ಖರ್ಚು ಜಾಸ್ತಿ. ನಾನು ಎರಡೇ ಇಟ್ಟುಕೊಂಡಿದ್ದೇನೆ: 2.4ರ ಚಪ್ಪಟೆ, ಐಸಿ ಕಾಲುಗಳಿಗೆ ಚಾಕು ಥರದ್ದು.

ನಮ್ಮ ಹುಡುಗ ಒಂದು ಬಿಟ್ಟನ್ನು ಸ್ಯಾಂಡ್‌ಪೇಪರಿನಲ್ಲಿ ಫಳಫಳ ಉಜ್ಜಿಟ್ಟಿದ್ದ. ಬೈಯಲು ಬಾಯಿ ಬರಲಿಲ್ಲ, ಹಳೇ ತಾಮ್ರದ ಬಿಟ್ಟನ್ನು ಅರದಿಂದ ಉಜ್ಜುವುದು ಅವನಿಗೆ ಕಲಿಸಿದ್ದೇ ನಾನು. ಈಗಿನವಕ್ಕೆ ತಾಮ್ರದ ಮೇಲೆ ಕಬ್ಬಿಣದ ತೆಳು ಲೇಪ ಇರುತ್ತದೆ. ಅದು ಹೋದರೆ ತಾಮ್ರ ತವರದಲ್ಲಿ ಕರಗಿ ಗುಂಡಿ ಬೀಳುತ್ತದೆ. ಹಿತ್ತಾಳೆ ನಾರಿನಲ್ಲಿ ಚುಚ್ಚಿ ಒರೆಸಿ. ರಾತ್ರಿ ಆಫ್ ಮಾಡುವ ಮುಂಚೆ ಮೊನೆಗೆ ಒಂದು ಹನಿ ಲೆಡ್ ಬಳಿದಿಡಿ.

ಇನ್ನೊಂದು, ಸ್ಟೇಷನ್ ತಂದ ದಿನವೇ ಪ್ಲಗ್ ಕಿತ್ತಿಟ್ಟು ಬಿಟ್ಟಿಗೂ ಪ್ಲಗ್ಗಿನ ಅರ್ಥ್ ಪಿನ್ನಿಗೂ ಮಲ್ಟಿಮೀಟರ್ ಇಟ್ಟು ನೋಡಿ. ನನ್ನ ಹೊಸದರಲ್ಲಿ ಬೀಪ್ ಬರಲೇ ಇಲ್ಲ, ಅಂದರೆ ಬಿಟ್ಟಿಗೆ ಅರ್ಥ್ ಸಂಪರ್ಕವೇ ಇರಲಿಲ್ಲ. ಬಿಚ್ಚಿದರೆ ಹಸಿರು ವೈರ್ ಒಳಗೆ ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಹಳೇ 25 ವ್ಯಾಟಿನ ಐರನ್ ಹುಡುಕಿ ತಂದು ಅದರಲ್ಲೇ ಬೆಸೆದೆ.