ಗ್ರಾವೆಲ್‌ಬರ್ಗ್‌ನಂಥ ಊರಿಗೆ ಬರುವ ಕನ್ನಡಿಗರಿಗೆ

ಕೆನಡಾದ ಸಸ್ಕ್ಯಾಚುವನ್ ಪ್ರಾಂತ್ಯದ ದಕ್ಷಿಣಕ್ಕಿರುವ ಗ್ರಾವೆಲ್‌ಬರ್ಗ್‌ನಲ್ಲಿ ಇರುವವರು ಸುಮಾರು 1000 ಜನ. ಕಲಬುರಗಿ ಜಿಲ್ಲೆಯ ನನ್ನ ಹುಟ್ಟೂರು ಇದಕ್ಕಿಂತ ದೊಡ್ಡದು. ಕೃಷಿ ಯಂತ್ರಗಳ ದುರಸ್ತಿ ಕೆಲಸಕ್ಕೆಂದು 2014ರಲ್ಲಿ ಇಲ್ಲಿಗೆ ಬಂದಾಗ, ಹಳ್ಳಿಯಲ್ಲೇ ಹುಟ್ಟಿ ಬೆಳೆದವನಿಗೆ ಇನ್ನೊಂದು ಹಳ್ಳಿಯಲ್ಲಿ ಬಾಳುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ಬಿಗುಮಾನ ನನಗಿತ್ತು. ಅದು ಇಳಿದ ಬಗೆಯನ್ನು ಹೇಳಿದರೆ ನಿಮಗೆ ಒಂದೆರಡು ಚಳಿಗಾಲವಾದರೂ ಉಳಿದೀತು. ಆರೋಗ್ಯ ಕಾರ್ಡು, ವಾಹನ ಪರವಾನಗಿ, ಬ್ಯಾಂಕಿನ ಖಾತೆ ಇವೆಲ್ಲ ಹೇಗೂ ಮುಗಿಯುವ ಕೆಲಸಗಳು. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನಾನು ಕೊಂಡ ಹಳೆಯ ಕಾರಿನ ಮುಂಭಾಗದಲ್ಲಿ ಒಂದು ವಿದ್ಯುತ್ ವೈರು, ಅದರ ತುದಿಗೊಂದು ಪ್ಲಗ್ಗು ಜೋತಾಡುತ್ತಿತ್ತು. ಯಾರೋ ರಿಪೇರಿ ಮಾಡಿ ಬಿಟ್ಟುಹೋದ ತುಂಡೆಂದು ತಿಳಿದು, ಯಂತ್ರದ ಕೆಲಸದವನೇ ಆದ ನಾನು ಅದನ್ನು ಅಚ್ಚುಕಟ್ಟಾಗಿ ಸುತ್ತಿ ದಾರದಿಂದ ಒಳಗೆ ಕಟ್ಟಿದೆ. ಜನವರಿಯಲ್ಲಿ ಉಷ್ಣಾಂಶ ಮೈನಸ್ 35ಕ್ಕೆ ಇಳಿದ ಬೆಳಗ್ಗೆ ಎಂಜಿನ್ನಿನ ಎಣ್ಣೆ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು. ಅದು ಎಂಜಿನ್ನನ್ನು ಬೆಚ್ಚಗಿಡುವ ಬ್ಲಾಕ್ ಹೀಟರ್‌ನ ವೈರು, ರಾತ್ರಿ ಅದನ್ನು ಮನೆಯ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಯೇ ಮಲಗಬೇಕು ಎಂದು ತಿಳಿಸಿದವನು ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹದಿನೇಳರ ಹುಡುಗ. ನಲವತ್ತೈದು ಡಿಗ್ರಿ ಬಿಸಿಲು ಕಂಡವನ ಅನುಭವ ಇಲ್ಲಿ ಅರ್ಧಕ್ಕಷ್ಟೇ ಬರುತ್ತದೆ.

ಹಳ್ಳಿ ರಸ್ತೆಯಲ್ಲಿ ಎದುರಾಗುವವರು ಸ್ಟಿಯರಿಂಗ್ ಹಿಡಿದ ಕೈಯಿಂದಲೇ ಒಂದು ಬೆರಳು ಎತ್ತುತ್ತಾರೆ. ಅದು ಪರಿಚಯದವರಿಗೆ ಮಾತ್ರವಲ್ಲ, ಎಲ್ಲರಿಗೂ ಮಾಡುವ ನಮಸ್ಕಾರ. ಇದು ತಿಳಿಯುವವರೆಗಿನ ಐದಾರು ತಿಂಗಳಲ್ಲಿ ನಾನು ಊರಿನ ಸೊಕ್ಕಿನ ಮನುಷ್ಯನಾಗಿ ಹೆಸರು ಗಳಿಸಿದ್ದೆ.

ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು ಊಟದ ವಿಷಯ. ಪಕ್ಕದ ಮನೆಯ ಎಂಬತ್ತರ ಆಸುಪಾಸಿನ ಅಜ್ಜಿ ಒಂದು ಭಾನುವಾರ ನಮ್ಮನ್ನು ‘ಡಿನ್ನರ್‌’ಗೆ ಕರೆದರು. ನಾವು ಶೇಂಗಾ ಹೋಳಿಗೆ ಮಾಡಿಕೊಂಡು, ಮಗಳಿಗೆ ಇಳಕಲ್ ಬಟ್ಟೆಯ ಲಂಗ ತೊಡಿಸಿ, ಸಂಜೆ ಏಳು ಗಂಟೆಗೆ ಬಾಗಿಲು ತಟ್ಟಿದೆವು. ರಾತ್ರಿಯುಡುಪಿನಲ್ಲಿ ಬಂದ ಅಜ್ಜಿ ನಮ್ಮನ್ನು ನೋಡಿ ಒಂದು ಕ್ಷಣ ಸುಮ್ಮನೆ ನಿಂತರು. ಇಲ್ಲಿನ ರೈತಾಪಿ ಜನರಿಗೆ ಡಿನ್ನರ್ ಎಂದರೆ ಮಧ್ಯಾಹ್ನದ ಊಟ, ರಾತ್ರಿಯದು ಸಪ್ಪರ್. ಮದುವೆ ಮನೆಯಲ್ಲಿ ಕುಣಿತದ ನಡುವೆ ಹನ್ನೊಂದು ಗಂಟೆ ರಾತ್ರಿಗೆ ಕೊಡುವ ತಿಂಡಿಯನ್ನೂ ಲಂಚ್ ಎನ್ನುವುದುಂಟು. ಅವರು ಹನ್ನೆರಡರಿಂದ ಎರಡರವರೆಗೆ ನಮಗಾಗಿ ಮೇಜು ಸಿದ್ಧಮಾಡಿ ಕಾದಿದ್ದರಂತೆ. ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಅವರು ಪಾತ್ರೆ ಹೊರತೆಗೆದು ಬಿಸಿ ಮಾಡುತ್ತೇನೆಂದಾಗ, ನಮ್ಮ ಕಡೆಯ ವಾಡಿಕೆಯಂತೆ ನಾನು ‘ಬೇಡ, ಆಗಿದೆ’ ಎಂದೆ. ಮೂರು ಸಲ ಒತ್ತಾಯಿಸುತ್ತಾರೆ, ಮೂರನೆಯದಕ್ಕೆ ಕೂತರಾಯಿತು ಎಂದು ಎಣಿಸಿದ್ದೆ. ಅಜ್ಜಿ ತಲೆಯಾಡಿಸಿ ಪಾತ್ರೆಯನ್ನು ಫ್ರಿಜ್ಜಿನೊಳಗೆ ವಾಪಸ್ಸಿಟ್ಟರು. ಹೋಳಿಗೆಯನ್ನು ಅವರಿಗೆ ಕೊಟ್ಟು, ನಾವು ಮನೆಗೆ ಬಂದು ಒಗ್ಗರಣೆ ಅವಲಕ್ಕಿ ತಿಂದು ಮಲಗಿದೆವು. ಇಲ್ಲಿ ಬೇಡವೆಂದರೆ ಬೇಡ. ಹಸಿದಿದ್ದರೆ ಮೊದಲ ಸಲವೇ ಹೂಂ ಎನ್ನಿರಿ.

ಊರ ಸುತ್ತಲೂ ಮಸೂರ ಬೆಳೆಯುತ್ತದೆ. ಸಸ್ಕಟೂನ್‌ನ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಲೇರ್ಡ್’ ತಳಿ 1978ರಲ್ಲಿ ಬಿಡುಗಡೆಯಾದ ಮೇಲೆ ಗೋಧಿಯ ನಾಡು ಬೇಳೆಯ ನಾಡೂ ಆಯಿತು. ಆದರೂ ಬೇಳೆ ಕೊಳ್ಳಲು ನಾವು ಎರಡು ಗಂಟೆ ಕಾರು ಓಡಿಸಿ ರಿಜೈನಾಕ್ಕೆ ಹೋಗಬೇಕು. ಒಬ್ಬ ರೈತರನ್ನು ಸ್ವಲ್ಪ ಮಸೂರ ಕೇಳಿದ್ದಕ್ಕೆ ಒಂದು ದೊಡ್ಡ ಬಕೆಟ್ಟು ತುಂಬ ತಂದಿಟ್ಟರು: ಸಿಪ್ಪೆ ಬಿಡಿಸದ, ಮಣ್ಣು ಹರಳು ಕೂಡಿದ ಕಂದು ಕಾಳು. ನನ್ನ ಹೆಂಡತಿ ಮೊರವಿಲ್ಲದೆ ಬೇಕಿಂಗ್ ತಟ್ಟೆಯಲ್ಲೇ ಅದನ್ನು ಕೇರುವುದನ್ನು ನೋಡಿ ಆ ರೈತರು ತಾವು ಮೂವತ್ತು ವರ್ಷ ಬೆಳೆದರೂ ಒಮ್ಮೆಯೂ ತಿಂದಿಲ್ಲವೆಂದರು. ಇವರೆಲ್ಲ ಬೆಳಗ್ಗೆ ಒಂದೇ ಮೇಜಿಗೆ ಕೂಡುವ ಕೂಟಕ್ಕೆ ‘ಕಾಫಿ ರೋ’ ಎಂಬ ಹೆಸರಿದೆ. ನಮ್ಮ ಊರ ಕಟ್ಟೆ ಎಂದುಕೊಳ್ಳಿ, ಕರೆಯದಿದ್ದರೂ ಹೋಗಿ ಕುಳಿತುಕೊಳ್ಳಿ. 2017ರ ನವೆಂಬರ್‌ನಲ್ಲಿ ಭಾರತ ಇವರು ಬೆಳೆಯುವ ಬಟಾಣಿಯ ಮೇಲೆ ಶೇಕಡಾ 50 ಆಮದು ಸುಂಕ ಹಾಕಿದಾಗ, ಆ ಮೇಜಿನಲ್ಲಿ ಎಲ್ಲರೂ ಸುಂಕ ನಾನೇ ಹಾಕಿದಂತೆ ನನ್ನತ್ತ ನೋಡಿದರು. ಅದೇ ವರ್ಷ ಊರಲ್ಲಿ ನನ್ನ ಅಣ್ಣ ತೊಗರಿಯನ್ನು ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿ ಕೈ ಸುಟ್ಟುಕೊಂಡಿದ್ದ. ಅದನ್ನು ಹೇಳಿದ ಮೇಲೆ ಯಾರೋ ನನ್ನ ಕಪ್ಪಿಗೆ ಕಾಫಿ ಸುರಿದರು. ನಾನು ಈ ಊರಿನವನಾದದ್ದು ಆ ಬೆಳಗ್ಗೆಯೇ ಇರಬೇಕು.

ಇವರನ್ನೆಲ್ಲ ಬಹುಕಾಲ ನಾನು ಇಂಗ್ಲಿಷರೆಂದೇ ತಿಳಿದಿದ್ದೆ, ಅದೂ ತಪ್ಪು. ಈ ನೆಲ ಮೂಲನಿವಾಸಿಗಳೊಂದಿಗೆ ಸರ್ಕಾರ 1874ರಲ್ಲಿ ಮಾಡಿಕೊಂಡ ‘ನಾಲ್ಕನೆಯ ಒಪ್ಪಂದ’ದ ವ್ಯಾಪ್ತಿಗೆ ಸೇರಿದ್ದು. ಆಮೇಲೆ 1906ರಲ್ಲಿ ಪಾದ್ರಿ ಗ್ರಾವೆಲ್ ಅವರು ಫ್ರೆಂಚ್ ಮಾತನಾಡುವವರನ್ನು ಕರೆತಂದು ಊರು ಕಟ್ಟಿಸಿದರು. ಇಲ್ಲಿನ ಕೆಥೆಡ್ರಲ್ಲಿನ ಒಳಗೋಡೆಗಳ ತುಂಬ ಪಾದ್ರಿ ಶಾರ್ಲ್ ಮಯಾರ್ ಅವರು 1921ರಿಂದ 1931ರವರೆಗೆ ಸ್ವತಃ ಬರೆದ ಚಿತ್ರಗಳಿವೆ. ಬಂದ ವಾರವೇ ನೋಡಿ. ಅದನ್ನು ತೋರಿಸಲು ನನ್ನನ್ನು ಕರೆದೊಯ್ದವರು ಅದೇ ಅಜ್ಜಿ. ಶಾಲೆಗಳಲ್ಲಿ ಫ್ರೆಂಚ್ ಬೋಧನೆಗೆ ಪ್ರಾಂತ್ಯದ ಸರ್ಕಾರ 1918ರಲ್ಲಿ ಕಡಿವಾಣ ಹಾಕಿ 1931ರಲ್ಲಿ ಇನ್ನಷ್ಟು ಬಿಗಿಗೊಳಿಸಿದ್ದನ್ನು ಅವರೇ ಹೇಳಿದರು. ಅವರ ಮಕ್ಕಳಿಗೆ ಫ್ರೆಂಚ್ ಅರ್ಥವಾಗುತ್ತದೆ, ಮಾತು ಬಾರದು. ಮೊಮ್ಮಕ್ಕಳಲ್ಲಿ ಉಳಿದಿರುವುದು ಅಜ್ಜಿಯನ್ನು ಕರೆಯುವ ‘ಮೆಮೆರ್’ ಎಂಬ ಒಂದೇ ಪದ.

ನಮ್ಮ ಮೇಲೆ ಯಾವ ಕಾನೂನೂ ಇರಲಿಲ್ಲ. ನಾಲ್ಕು ವರ್ಷದ ಮಗಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು, ಯಾರೂ ಹೇಳದೆಯೇ, ಮನೆಯಲ್ಲಿ ಇಂಗ್ಲಿಷನ್ನೇ ಮಾತನಾಡಬೇಕೆಂದು ನಿಯಮ ಮಾಡಿದವನು ನಾನು. ಶಾಲೆಯ ಇಂಗ್ಲಿಷ್ ಅವಳಿಗೆ ಕ್ರಿಸ್ಮಸ್ಸಿನ ಹೊತ್ತಿಗೆ ಬಂದಾಗಿತ್ತು. ನನ್ನ ನಿಯಮ ಮಾತ್ರ ಮೂರು ವರ್ಷ ನಡೆಯಿತು. ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಚಿಂತೆಯನ್ನು ಊರಿಗೆ ಬಿಡಿ, ಊರು ಅದನ್ನು ಪುಕ್ಕಟೆಯಾಗಿ ಮಾಡುತ್ತದೆ.

ಈಗ ಭಾನುವಾರ ಬೆಳಗ್ಗೆ, ಅಲ್ಲಿ ರಾತ್ರಿಯಾಗಿರುವಾಗ, ನಮ್ಮವ್ವನಿಗೆ ಫೋನು ಮಾಡುತ್ತೇವೆ. ಮಗಳು ‘ಆಯಿ, ಊಟಾ ಆಯ್ತೇನು?’ ಎಂದು ಸ್ಪಷ್ಟವಾಗಿ ಕೇಳುತ್ತಾಳೆ. ಉತ್ತರವಾಗಿ ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ, ಎಮ್ಮೆ ಕರು ಹಾಕಿದ್ದು ಎಲ್ಲವನ್ನೂ ಹೇಳತೊಡಗಿದಾಗ ಮಗಳು ಫೋನನ್ನು ನನ್ನ ಕೈಗಿಡುತ್ತಾಳೆ. ‘ಏನಂತಾಳ ಕೂಸು?’ ಎಂದು ಅವ್ವ ನನ್ನನ್ನು ಕೇಳುತ್ತಾಳೆ.